ಕಲ್ಲಿನ ಮೇಲಿದ್ದ ಮದುವೆಯ ತಾರೀಖು

ಹೊಲಿಗೆ ಸಂಘದ ಅಕ್ಕತಂಗಿಯರೇ, ಕೈಯಲ್ಲಿ ಸೂಜಿ ಇದ್ದರೆ ಇರಲಿ, ಕೆಳಗಿಡಬೇಡಿ. ಕಿವಿ ಮಾತ್ರ ಇತ್ತ ಕೊಡಿ. ನಾನು ವರ್ನಾ. ಕೆಂಟಕಿಯ ಈ ಲಾರೆಲ್ ಕೊಳ್ಳದಲ್ಲಿ ಶಾಲೆಯ ಬಸ್ಸು ಓಡಿಸಿ ಓಡಿಸಿ ಸೊಂಟ ಕಳಕೊಂಡವಳು. ನಿಮ್ಮಲ್ಲಿ ಅರ್ಧ ಜನರ ಮಕ್ಕಳನ್ನು ಮೂಗು ಒರೆಸಿ ಮನೆಗೆ ಮುಟ್ಟಿಸಿದ್ದೇನೆ, ಆದ್ದರಿಂದ ಎರಡು ಮಾತು ಗಟ್ಟಿಯಾಗಿ ಆಡುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ನಮ್ಮ ಕೊಳ್ಳದಲ್ಲಿ ಯಾರ ಮನೆಗೆ ಬೇಕಾದರೂ ಹೋಗಿ ನೋಡಿ. ಮುಂದಿನ ಕೋಣೆಯಲ್ಲಿ ಸೋಫಾ ಇರಬೇಕಾದ ಕಡೆ ಆಸ್ಪತ್ರೆಯ ಮಂಚ ಇರುತ್ತದೆ. ಮಲಗಿರುವುದು ಗಂಡಸಾದರೆ ಎದೆಯೊಳಗೆ ಗಣಿಯ ಧೂಳು, ಹೆಂಗಸಾದರೆ ಸಕ್ಕರೆ ಕಾಯಿಲೆ. ಪಕ್ಕದ ಕುರ್ಚಿಯಲ್ಲಿ ಇನ್ನೊಬ್ಬರು ಕೂತಿರುತ್ತಾರೆ. ಅವರಿಗೂ ವಯಸ್ಸಾಗಿದೆ, ಅವರಿಗೂ ನಿದ್ದೆಯಿಲ್ಲ. ಮಲಗಿದವರ ಗತಿ ಏನು ಎಂದು ಎಲ್ಲರೂ ಕೇಳುತ್ತಾರೆ. ಕೂತವರನ್ನು ಯಾರೂ ಕೇಳುವುದಿಲ್ಲ.

ಇವತ್ತು ಹೇಳುವುದು ಹಾಗೆ ಕೂತವಳೊಬ್ಬಳ ಕಥೆ. ಡೆಲ್ಫಿ ಅಕ್ಕ ನಿಮಗೆಲ್ಲ ಗೊತ್ತು. ಸಂಘಕ್ಕೆ ಮೊದಲು ಬರುತ್ತಿದ್ದವಳು ಅವಳೇ, ನಕ್ಷತ್ರದ ಕೌದಿ ಹೊಲಿಯುವುದನ್ನು ನಿಮಗೆ ಕಲಿಸಿದವಳೂ ಅವಳೇ. ಇವತ್ತು ಅವಳು ಇಲ್ಲಿಲ್ಲ, ಎಲ್ಲಿದ್ದಾಳೆಂದು ಆಮೇಲೆ ಹೇಳುತ್ತೇನೆ. ನನ್ನ ಕಥೆ ಹೇಳು, ಯಾರಿಗಾದರೂ ಉಪಯೋಗವಾಗಲಿ ಎಂದು ಅವಳೇ ಒಪ್ಪಿಗೆ ಕೊಟ್ಟಿದ್ದಾಳೆ. ತನ್ನ ಮನೆಯ ವಿಷಯ ಹೊಸಿಲು ದಾಟಬಾರದು ಎಂದು ಬದುಕಿದವಳು ಅಷ್ಟು ಹೇಳಿದ್ದೇ ದೊಡ್ಡದು.

ಅವಳ ಗಂಡ ಹೋಬರ್ಟ್ ಗಣಿ ಮುಚ್ಚುವ ತನಕ ಅದರಲ್ಲೇ ದುಡಿದವನು. ದೊಡ್ಡ ಆಳು, ಬಾಗಿಲಲ್ಲಿ ತಲೆ ಬಗ್ಗಿಸಿ ಬರಬೇಕಿತ್ತು. ಮೊದಲ ಸಲ ಲಕ್ವ ಹೊಡೆದಾಗ ಬಲಗೈ ಬಲಗಾಲು ಹೋಯಿತು. ಎರಡನೆಯ ಸಲ ಮಾತು ಹೋಯಿತು. ಬುದ್ಧಿ ಮಾತ್ರ ನೆಟ್ಟಗಿತ್ತು. ಹೇಳುವುದೆಲ್ಲ ಒಳಗಿತ್ತು, ಹೊರಗೆ ಬರುತ್ತಿದ್ದದ್ದು ಒಂದೋ ಎರಡೋ ಶಬ್ದ. ಆ ಬೆಟ್ಟದಂಥ ಗಂಡಸನ್ನು ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ ಎತ್ತಿ ಕೂರಿಸುತ್ತಿದ್ದವಳು ನನ್ನ ಭುಜದಷ್ಟೂ ಎತ್ತರವಿಲ್ಲದ ಡೆಲ್ಫಿ ಅಕ್ಕ. ಸಹಾಯಕ್ಕೆ ಬರಲಾ ಎಂದು ಕೇಳಿದರೆ ನಿನ್ನ ಸೊಂಟ ನೋಡಿಕೋ ಮೊದಲು ಎನ್ನುತ್ತಿದ್ದಳು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಅವಳ ಮನೆಯ ಒಲೆಯ ಕೊಳವೆಯಲ್ಲಿ ಹೊಗೆ ಕಾಣಲಿಲ್ಲ. ನನ್ನದು ಎದುರು ಮನೆ. ಚಪ್ಪಲಿ ಮೆಟ್ಟಿಕೊಂಡು ಹೋಗಿ ನೋಡಿದರೆ ಇಬ್ಬರೂ ನೆಲದ ಮೇಲಿದ್ದರು. ಎತ್ತುವಾಗ ಅವನು ಜಾರಿದ್ದಾನೆ, ಇವಳು ಬಿಡದೆ ಹಿಡಕೊಂಡು ಜೊತೆಗೇ ಬಿದ್ದಿದ್ದಾಳೆ. ಎಷ್ಟು ಹೊತ್ತಾಗಿತ್ತೋ ದೇವರಿಗೇ ಗೊತ್ತು. ಮಂಚದ ಮೇಲಿನ ಕೌದಿಯನ್ನು ಹೇಗೋ ಎಳೆದು ಅವನಿಗೆ ಹೊದಿಸಿದ್ದಳು. ತನಗೇನೂ ಇರಲಿಲ್ಲ. ನನ್ನನ್ನು ಕಂಡವಳೇ, "ಅವನಿಗೆ ಮೊದಲು ನೀರು ಕೊಡು" ಎಂದಳು.

ಆಂಬುಲೆನ್ಸ್ ಬಂತು. ಆಸ್ಪತ್ರೆಯಾಯಿತು. ಅಲ್ಲಿಂದ ಪೇಟೆಯ ಆರೈಕೆ ಕೇಂದ್ರಕ್ಕೆ, ಕೈಕಾಲಿಗೆ ವ್ಯಾಯಾಮ ಮಾಡಿಸಲು ಹಾಕಿದರು. ಅದಕ್ಕೆಲ್ಲ ವಯಸ್ಸಾದವರಿಗೆ ಸರ್ಕಾರ ಮಾಡಿಸುವ ಮೆಡಿಕೇರ್ ವಿಮೆ ದುಡ್ಡು ಕೊಡುತ್ತದೆ. ಆದರೆ ನೆನಪಿಡಿ, ಅದು ಕೆಲವು ವಾರಗಳ ಮಾತು, ಜೀವಮಾನದ್ದಲ್ಲ. ಅಲ್ಲಿಯ ಹೆಂಗಸೊಬ್ಬಳು ಡೆಲ್ಫಿ ಅಕ್ಕನನ್ನು ಕೂರಿಸಿಕೊಂಡು ಹೇಳಿದಳಂತೆ: ಇವರನ್ನು ಎತ್ತಲು ಇಬ್ಬರು ಬೇಕು, ನಿಮ್ಮೊಬ್ಬರ ಕೈಗೆ ಕಳಿಸಲು ಆಗುವುದಿಲ್ಲ. ಇಲ್ಲಿಯೇ ಉಳಿಯಬೇಕಾದರೆ ತಿಂಗಳಿಗೆ ಎಂಟು ಸಾವಿರ ಡಾಲರಿಗೂ ಮೇಲೆ ಆಗುತ್ತದೆ. ಕೈಲಾಗದವರ ಖರ್ಚನ್ನು ಸರ್ಕಾರವೇ ಕೊಡುವ ಮೆಡಿಕೇಡಿಗೆ ಅರ್ಜಿ ಹಾಕಿ ನೋಡಿ.

ಡೆಲ್ಫಿ ಅಕ್ಕನ ಕಿವಿಗೆ ಬಿದ್ದದ್ದು ಎಂಟು ಸಾವಿರ ಒಂದೇ. ಅವನ ಪಿಂಚಣಿ, ಸರ್ಕಾರದ ವೃದ್ಧಾಪ್ಯದ ಹಣ ಎಲ್ಲ ಸೇರಿದರೆ ತಿಂಗಳಿಗೆ ಎರಡು ಸಾವಿರದ ಹತ್ತಿರ. ಅವಳದು ಒಂಬೈನೂರೂ ಇಲ್ಲ. ಬ್ಯಾಂಕಿನಲ್ಲಿ ನಲವತ್ತು ಸಾವಿರದಷ್ಟಿತ್ತು. ಅದರಲ್ಲಿ ಅರ್ಧ ತಮ್ಮಿಬ್ಬರ ಮಣ್ಣಿಗೆಂದು ಎತ್ತಿಟ್ಟದ್ದು. ನಮ್ಮ ಕಡೆ ಹೇಗೆಂದು ನಿಮಗೆ ಗೊತ್ತೇ ಇದೆ. ಹೊಟ್ಟೆಗೆ ಕಡಿಮೆ ತಿಂದಾರು, ಅನಾಥರ ಹಾಗೆ ಕೌಂಟಿ ಸರ್ಕಾರದ ಖರ್ಚಿನಲ್ಲಿ ಮಣ್ಣಾಗಲು ಮಾತ್ರ ಒಪ್ಪುವವರಲ್ಲ.

ಈಗ ಡಾರ್ಸಿಯ ಪ್ರವೇಶ. ಡಾರ್ಸಿ ಹೋಬರ್ಟನ ತಮ್ಮ. ಪೆಟ್ರೋಲ್ ಬಂಕಿನ ಮುಂದಿನ ಬೆಂಚಿನಲ್ಲಿ ಕೂತು ಇಡೀ ದೇಶದ ಕಾನೂನು ಹೇಳುವವನು. ಕೆಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಣ್ಣನಿಗೆ ಲಕ್ವ ಹೊಡೆದ ದಿನ ಹೆಗಲ ಮೇಲೆ ಹೊತ್ತು ರಸ್ತೆಗೆ ತಂದವನು ಅವನೇ. ಆದರೆ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಯಾರೋ ಯಾರ ಹತ್ತಿರವೋ ಹೇಳಿದ್ದನ್ನು ಕೇಳಿಕೊಂಡು ಬಂದು ಅತ್ತಿಗೆಯ ಅಡುಗೆಮನೆಯಲ್ಲಿ ಕೂತ. ನಾನೂ ಅಲ್ಲಿದ್ದೆ. ಮೆಡಿಕೇಡ್ ಬೇಕೆಂದರೆ ಎರಡು ಸಾವಿರ ಡಾಲರಿಗಿಂತ ಹೆಚ್ಚು ಇಟ್ಟುಕೊಳ್ಳುವ ಹಾಗಿಲ್ಲ, ಮನೆ, ಅದರ ಹಿಂದಿನ ಗುಡ್ಡದ ಜಾಗ, ಟ್ರಕ್ಕು ಎಲ್ಲ ಸರ್ಕಾರ ಬಾಚಿಕೊಳ್ಳುತ್ತದೆ, ನೀನು ಬೀದಿಯಲ್ಲಿ ನಿಲ್ಲುತ್ತೀ ಎಂದ. ಅದಕ್ಕೊಂದು ದಾರಿಯನ್ನೂ ತಂದಿದ್ದ.

"ಡೈವೋರ್ಸ್ ಮಾಡ್ಕೊಳ್ಳಿ ಅತ್ತಿಗೆ. ಬರೀ ಕಾಗದದ ಮೇಲೆ. ಮನೆ, ದುಡ್ಡು ಎಲ್ಲ ನಿಮ್ ಹೆಸರಿಗೆ ಬರತ್ತೆ. ಅಣ್ಣ ಬರಿಗೈ ಆಗ್ತಾನೆ, ಮೆಡಿಕೇಡ್ ತಾನಾಗೇ ಬರತ್ತೆ. ಗುಡ್ಡದ ಜಾಗ ಬೇಕಾದ್ರೆ ನನ್ ಹೆಸರಿಗೆ ಬರ್ದಿಡಿ, ಜೋಪಾನವಾಗಿ ಇಟ್ಕೋತೀನಿ."

ಡೆಲ್ಫಿ ಅಕ್ಕ ಬೀನ್ಸ್ ಆರಿಸುತ್ತಿದ್ದಳು. ಆರಿಸುತ್ತಲೇ ಇದ್ದಳು. ಅವನು ಹೋದ ಮೇಲೆ ನಾನು, ಪೇಟೆಯ ಹಿರಿಯರ ಕೇಂದ್ರದಲ್ಲಿ ಇಂಥದ್ದನ್ನೆಲ್ಲ ತಿಳಿಸಿ ಹೇಳುವವರು ಇದ್ದಾರೆ, ಒಂದು ಸಲ ಕೇಳೋಣ ಬಾ ಎಂದೆ. ಅವಳಿಗೆ ಕೋಪ ಬಂತು.

"ನನ್ ಪೆಟ್ಟಿಗೇಲಿ ಏನಿದೆ ಅಂತ ಗುರ್ತು ಪರಿಚಯ ಇಲ್ದೋರ ಮುಂದೆ ಬಿಚ್ಚಿ ತೋರಿಸ್ಲಾ? ನಮ್ಮಮ್ಮ ಸಾಯೋವರ್ಗೂ ನಮ್ಮಪ್ಪಂಗೇ ಹೇಳಿರ್ಲಿಲ್ಲ."

ಗುರುತಿಲ್ಲದವರಿಗೆ ದುಡ್ಡಿನ ವಿಷಯ ಹೇಳಲು ನಾಚಿಕೆ, ವಕೀಲನಿಗೆ ದುಡ್ಡು ಕೊಟ್ಟು ಮದುವೆ ಮುರಿಯಲು ನಾಚಿಕೆಯಿಲ್ಲ. ಇದು ನಮ್ಮವರ ಲೆಕ್ಕ. ನಗಬೇಡಿ, ನಿಮ್ಮ ಲೆಕ್ಕವೂ ಇದೇ. ಮುಂದಿನ ವಾರ ಡಾರ್ಸಿ ಅವಳನ್ನು ಯಾವನೋ ವಕೀಲನ ಹತ್ತಿರ ಕರಕೊಂಡು ಹೋದ. ಕಾಗದ ಸಿದ್ಧವಾಯಿತು. ಅದಕ್ಕೆ ಹೋಬರ್ಟನ ಸಹಿ ಬೇಕಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ಅವರ ಮನೆಯ ಹಿಂದಿನ ಏರಿನಲ್ಲಿ ಅವರ ಮನೆತನದ ಸಮಾಧಿಗಳಿವೆ. ನಮ್ಮೆಲ್ಲರ ಹಾಗೆ ಅವರೂ ತಮ್ಮ ಕಲ್ಲನ್ನು ಬದುಕಿರುವಾಗಲೇ ನಿಲ್ಲಿಸಿಕೊಂಡವರು. ಇಬ್ಬರಿಗೂ ಒಂದೇ ಕಲ್ಲು. ಎಡಗಡೆ ಅವನ ಹೆಸರು, ಬಲಗಡೆ ಅವಳ ಹೆಸರು, ಹುಟ್ಟಿದ ತಾರೀಖು ಕೆತ್ತಿದೆ, ಹೋಗುವ ತಾರೀಖಿಗೆ ಜಾಗ ಬಿಟ್ಟಿದೆ. ನಡುವೆ ಕೈ ಕೈ ಹಿಡಿದ ಚಿತ್ರ, ಅದರ ಕೆಳಗೆ ಮದುವೆಯ ತಾರೀಖು. ಗಣಿ ಮುಚ್ಚುವ ವರ್ಷ ರಾತ್ರಿಪಾಳಿ ಮಾಡಿ ಉಳಿಸಿದ ದುಡ್ಡಲ್ಲಿ ಹೋಬರ್ಟ್ ಅದನ್ನು ಮಾಡಿಸಿದ್ದ. ಪ್ರತಿ ಮೇ ತಿಂಗಳು, ಸಮಾಧಿಗಳಿಗೆ ಹೂ ಇಡುವ ಭಾನುವಾರದ ಮುಂಚೆ, ಡೆಲ್ಫಿ ಅಕ್ಕ ಬಕೆಟ್ಟು ಬ್ರಷ್ಷು ಹಿಡಕೊಂಡು ಏರು ಹತ್ತಿ ಆ ಕಲ್ಲನ್ನು ತಿಕ್ಕುತ್ತಿದ್ದಳು. ತನ್ನ ಸಮಾಧಿಯನ್ನು ತಾನೇ ತೊಳೆಯುವಾಗ ಹಾಡು ಬೇರೆ ಹೇಳಿಕೊಳ್ಳುತ್ತಿದ್ದಳು.

ಕಾಗದ ಹಿಡಿದು ಆರೈಕೆ ಕೇಂದ್ರಕ್ಕೆ ಹೋದಾಗ ಕಾರು ಓಡಿಸಿದವಳು ನಾನೇ. ಅಕ್ಕನಿಗೆ ಓಡಿಸಲು ಬರುವುದಿಲ್ಲ. ಹೋಗಿ ಮೊದಲು ಅವನಿಗೆ ಪುಡ್ಡಿಂಗ್ ತಿನ್ನಿಸಿದಳು, ಬಾಯಿ ಒರೆಸಿದಳು. ಆಮೇಲೆ ಮೆಲ್ಲಗೆ ಎಲ್ಲ ಹೇಳಿದಳು. ದುಡ್ಡಿನದು, ಮನೆಯದು, ಡಾರ್ಸಿ ಹೇಳಿದ್ದು. ಅವನು ಕಣ್ಣು ಮಿಟುಕಿಸದೆ ಕೇಳಿದ. ಅವಳು ಅವನ ಎಡಗೈಗೆ ಪೆನ್ನು ಕೊಟ್ಟಳು. ಅವನು ಪೆನ್ನನ್ನೇ ನೋಡುತ್ತಾ ಕೂತ. ಆಮೇಲೆ ಅದನ್ನು ಊಟದ ತಟ್ಟೆಯ ಪಕ್ಕ ಇಟ್ಟ.

"ಕಲ್ಲು," ಎಂದ.

ಅವಳು ಯಾವ ಕಲ್ಲು ಎಂದು ಕೇಳಿದಳು. ಅವಳಿಗೆ ಗೊತ್ತಾಗಿತ್ತು, ನನಗೂ ಗೊತ್ತಾಗಿತ್ತು. ಅವನು ಎಡಗೈಯ ಬೆರಳನ್ನು ಹಾಸಿಗೆಯ ಮೇಲೆ ಆಡಿಸಿದ, ಒಂದೊಂದೇ ಅಂಕಿ ಬರೆಯುವ ಹಾಗೆ. ಬೆವರು ಬಂತು ಅವನಿಗೆ.

"ಕಲ್ಲಲ್ಲಿದೆ."

"ಕಲ್ಲಿಗೇನೂ ಆಗಲ್ಲ ಕಣೋ. ಇದು ಬರೀ ಕಾಗದ," ಎಂದಳು. ಅವನು ಮುಖ ಕಿಟಕಿಯ ಕಡೆ ತಿರುಗಿಸಿಕೊಂಡ. ಆಮೇಲೆ ಎಷ್ಟು ಕರೆದರೂ ಈ ಕಡೆ ನೋಡಲಿಲ್ಲ. ಅವಳು ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಎದ್ದಳು.

ಕಾರಿನಲ್ಲಿ ಕೂತು ಬೆಲ್ಟು ಹಾಕಿಕೊಳ್ಳಲೂ ಅವಳಿಗೆ ಶಕ್ತಿಯಿರಲಿಲ್ಲ, ನಾನೇ ಹಾಕಿದೆ. ಸೋಮವಾರ ಅವನನ್ನು ಮನೆಗೆ ಕರಕೊಂಡು ಬರುತ್ತೇನೆ ಎಂದಳು. ಯಾರು ಎತ್ತುತ್ತಾರೆ ಎಂದೆ.

"ಎತ್ತೋದೇ ಬೇಡ. ನೆಲದ ಮೇಲೇ ಹಾಸಿಗೆ ಹಾಕ್ತೀನಿ. ನೆಲದಿಂದ ಎಲ್ಲಿಗೆ ಬೀಳ್ತಾನೆ?"

ಇದನ್ನು ಅವಳು ತಮಾಷೆಗೆ ಹೇಳಲಿಲ್ಲ. ದನಿಯಲ್ಲಿ ಅಳುವೂ ಇರಲಿಲ್ಲ, ಏನೂ ಇರಲಿಲ್ಲ. ಇನ್ನೊಂದು ಚಳಿಗಾಲ ಇವಳು ಉಳಿಯುವುದಿಲ್ಲ ಎಂದು ನನಗೆ ಅನ್ನಿಸಿತು. ಕಲ್ಲಿನ ಬಲಗಡೆಯ ಖಾಲಿ ಜಾಗವೇ ಮೊದಲು ತುಂಬುತ್ತದೆ. ನನಗೆ ಸಿಟ್ಟು ನೆತ್ತಿಗೇರಿತು. ಮನೆಯ ಕಡೆ ತಿರುಗಬೇಕಾದಲ್ಲಿ ತಿರುಗಲಿಲ್ಲ. ಬಸ್ಸು ಓಡಿಸಿದ ಕೈ, ಅದನ್ನು ತಡೆಯಲು ಅವಳಿಗೆ ಎಲ್ಲಿ ಆಗುತ್ತದೆ. ಹಿರಿಯರ ಕೇಂದ್ರ ಮುಟ್ಟುವ ತನಕ ದಾರಿಯುದ್ದಕ್ಕೂ ಬೈದಳು. ಬೈದದ್ದು ಕೇಳಿ ನನಗೆ ಸ್ವಲ್ಪ ಜೀವ ಬಂತು, ಏನಿಲ್ಲದಿದ್ದರೂ ಬೈಯುವಷ್ಟು ಉಸಿರಿದೆಯಲ್ಲ ಎಂದು.

ಅದು ಮಧ್ಯಾಹ್ನದ ಊಟದ ಹೊತ್ತು. ಸಲಹೆಗಾರ್ತಿ ಮಿಸೆಸ್ ಟ್ಯಾಕೆಟ್ ಮೂಲೆಯ ಮೇಜಿನಲ್ಲಿ ನೆಗಡಿ ಹಿಡಿದು ಮೂಗು ಕೆಂಪಗೆ ಮಾಡಿಕೊಂಡು ಕೂತಿದ್ದಳು. ಅವಳದು ಇದೇ ಕೆಲಸ, ಇದಕ್ಕೆಂದೇ ತರಬೇತಾಗಿದೆ, ಬಿಡಿಗಾಸು ತೆಗೆದುಕೊಳ್ಳುವುದಿಲ್ಲ. ಮುಂದೆ ಬೀನ್ಸಿನ ಸಾರು, ಜೋಳದ ಬ್ರೆಡ್ಡು ಆರುತ್ತಿತ್ತು. ನನ್ನ ಹತ್ತಿರ ಬರಬೇಡಿ, ಅಂಟುತ್ತದೆ ಎಂದು ಮೇಜಿನ ಆ ಕಡೆಯ ಕುರ್ಚಿ ತೋರಿಸಿದಳು. ಡೆಲ್ಫಿ ಅಕ್ಕ ಚೀಲ ಎದೆಗವಚಿಕೊಂಡು ತುದಿಯಲ್ಲಿ ಕೂತಳು. ನಾನೇ ಎಲ್ಲ ಹೇಳಿದೆ. ಡೈವೋರ್ಸಿನ ಮಾತು ಬಂದಾಗ ಟ್ಯಾಕೆಟ್ ಚಮಚ ಕೆಳಗಿಟ್ಟಳು.

"ಸಹಿ ಆಯ್ತಾ?"

"ಮುದುಕ ಹಾಕ್ಲಿಲ್ಲ," ಎಂದಳು ಅಕ್ಕ.

"ಒಳ್ಳೇದಾಯ್ತು. ನೀವು ಮದುವೆ ಆಗಿರೋದೇ ನಿಮ್ಮನ್ನ ಕಾಪಾಡೋದು ಅಮ್ಮ. ಅದನ್ನೇ ಯಾಕೆ ಮುರೀತೀರಿ?"

ಆಮೇಲೆ ಮೂಗು ಒರೆಸಿಕೊಳ್ಳುತ್ತಾ ನಿಧಾನವಾಗಿ ಬಿಡಿಸಿ ಹೇಳಿದಳು. ಎರಡು ಸಾವಿರ ಡಾಲರಿನ ಮಿತಿ ಇರುವುದು ನಿಜ. ಆದರೆ ಅದು ಆರೈಕೆ ಕೇಂದ್ರದಲ್ಲಿ ಇರುವವನ ಹೆಸರಿಗೆ, ಹೋಬರ್ಟನ ಪಾಲಿಗೆ. ಮನೆಯಲ್ಲಿ ಉಳಿಯುವ ಹೆಂಡತಿಗೆ ಬೇರೆಯೇ ಲೆಕ್ಕ. ಅವಳು ವಾಸವಿರುವ ಮನೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಒಂದು ವಾಹನವನ್ನು ಹಿಡಿಯುವುದಿಲ್ಲ. ಮನೆಯ ಸಾಮಾನು, ಮದುವೆಯ ಉಂಗುರ ಹಿಡಿಯುವುದಿಲ್ಲ. ಉಳಿದ ಉಳಿತಾಯದಲ್ಲಿಯೂ ಹೆಂಡತಿಗೆಂದು ಒಂದು ಪಾಲು ಬಿಡುತ್ತಾರೆ, ನಮ್ಮ ಕೆಂಟಕಿಯಲ್ಲಿ ಈಗ ಕಡಿಮೆಯೆಂದರೂ ಮೂವತ್ತು ಸಾವಿರದ ಮೇಲೆ.

ಡೆಲ್ಫಿ ಅಕ್ಕ ನಂಬಲಿಲ್ಲ. ಹಾಗಾದರೆ ಎಲ್ಲರೂ ಮನೆ ಹೋಗುತ್ತದೆ ಎನ್ನುವುದು ಯಾಕೆ ಎಂದು ಕೇಳಿದಳು. ಒಂದೊಂದು ಮನೆಯ ಪರಿಸ್ಥಿತಿ ಒಂದೊಂದು, ಒಬ್ಬೊಂಟಿಗಳಿಗೆ ಒಂದು ನಿಯಮ, ದಂಪತಿಗಳಿಗೆ ಒಂದು, ಒಂದು ರಾಜ್ಯದ ಹಾಗೆ ಇನ್ನೊಂದಿಲ್ಲ, ಅಂಕಿ ವರ್ಷ ವರ್ಷ ಬದಲಾಗುತ್ತದೆ, ಜನ ಒಬ್ಬರ ಕಥೆಯನ್ನು ಇನ್ನೊಬ್ಬರಿಗೆ ತೊಡಿಸುತ್ತಾರೆ ಎಂದಳು ಟ್ಯಾಕೆಟ್.

ಅವನ ಪಿಂಚಣಿಯೂ ಮಿತಿ ಮೀರುತ್ತದೆಯಂತೆ ಎಂದು ಅಕ್ಕ ಡಾರ್ಸಿಯ ಇನ್ನೊಂದು ಮಾತನ್ನು ಎತ್ತಿದಳು. ಅದೂ ಇಲ್ಲ ಎಂದಳು ಟ್ಯಾಕೆಟ್. ಆರೈಕೆ ಕೇಂದ್ರದಲ್ಲಿ ಇರುವವರಿಗೆ ಆದಾಯದ ಮಿತಿ ಇಲ್ಲಿ ತಿಂಗಳಿಗೆ ಮೂರು ಸಾವಿರದ ಹತ್ತಿರ ಇದೆ, ಹೋಬರ್ಟನದು ಅದರ ಒಳಗೇ ಇದೆ. ಮೀರಿದವರಿಗೂ ಒಂದು ವಿಶೇಷ ಖಾತೆಯ ದಾರಿ ಇದೆ, ಹಾಗೆಂದು ಅರ್ಜಿಯನ್ನೇ ಹಾಕದೆ ಕೂರಬಾರದು. ಮತ್ತೆ ಹೆಂಡತಿಯ ಆದಾಯವನ್ನು ಗಂಡನ ಆದಾಯಕ್ಕೆ ಸೇರಿಸುವುದಿಲ್ಲ. ಅವಳದು ತೀರಾ ಕಡಿಮೆ ಇದ್ದರೆ ಗಂಡನ ಪಿಂಚಣಿಯಲ್ಲೇ ಒಂದು ಭಾಗವನ್ನು ಅವಳ ಜೀವನಕ್ಕೆ ಬಿಟ್ಟುಕೊಡುತ್ತಾರೆ. ಇದನ್ನು ಕೇಳಿ ಅಕ್ಕ ಮೊದಲ ಸಲ ಚೀಲವನ್ನು ತೊಡೆಯ ಮೇಲೆ ಇಳಿಸಿದಳು.

"ನೀವು ಡೈವೋರ್ಸ್ ಮಾಡ್ಕೊಂಡಿದ್ರೆ," ಎಂದಳು ಟ್ಯಾಕೆಟ್, "ಹೆಂಡ್ತಿಗೆ ಅಂತ ಇರೋ ಈ ಪಾಲು ಯಾವ್ದೂ ಸಿಗ್ತಿರ್ಲಿಲ್ಲ. ಯಾಕಂದ್ರೆ ನೀವು ಹೆಂಡ್ತಿನೇ ಅಲ್ಲ."

ಗುಡ್ಡದ ಜಾಗವನ್ನು ಮೈದುನನಿಗೆ ಬರೆದುಕೊಟ್ಟರೆ ಎಂದು ನಾನು ಕೇಳಿದೆ. ಬೇಡವೇ ಬೇಡ ಎಂದಳು ಟ್ಯಾಕೆಟ್. ಹಿಂದಿನ ಐದು ವರ್ಷ ಯಾರಿಗೆ ಏನು ಕೊಟ್ಟಿರಿ ಎಂದು ನೋಡುತ್ತಾರೆ. ಬೆಲೆ ತೆಗೆದುಕೊಳ್ಳದೆ ಬರೆದುಕೊಟ್ಟಿದ್ದರೆ ಅದರ ಬೆಲೆಗೆ ತಕ್ಕಷ್ಟು ತಿಂಗಳು ಮೆಡಿಕೇಡ್ ತಡೆಹಿಡಿಯುತ್ತಾರೆ. ಆ ತಿಂಗಳುಗಳ ಖರ್ಚನ್ನು ನೀವೇ ಕೊಡಬೇಕು. ಜಾಗ ಮನೆಗೆ ಅಂಟಿಕೊಂಡೇ ಇದೆಯೇ ಎಂದು ಕೇಳಿದಳು. ಅಂಟಿಕೊಂಡೇ ಇದೆ, ಸಮಾಧಿಗಳೂ ಅದರಲ್ಲೇ ಇವೆ ಎಂದೆ. ಹಾಗಿದ್ದರೆ ಅದೂ ಮನೆಯ ಜೊತೆಗೇ ಸೇರಬಹುದು, ಆದರೂ ಖಚಿತವಾಗಿ ಹೇಳುವ ಮುಂಚೆ ವಿಚಾರಿಸಬೇಕು ಎಂದು ಬರೆದುಕೊಂಡಳು. ಎರಡು ದಿನ ಬಿಟ್ಟು ಫೋನ್ ಮಾಡಿ ಸೇರುತ್ತದೆ ಎಂದಳು.

ಇಷ್ಟಾದ ಮೇಲೂ ಅಕ್ಕನ ಮುಖ ಗಂಟಾಗಿಯೇ ಇತ್ತು. ಕೊನೆಗೆ ಬಾಯಿಬಿಟ್ಟಳು. ಮೂವತ್ತು ಸಾವಿರ ಬಿಟ್ಟರೂ ಮಿಕ್ಕಿದ್ದನ್ನು ಖರ್ಚು ಮಾಡಿ ಮುಗಿಸಬೇಕಲ್ಲ, ಆ ದುಡ್ಡು ಮಣ್ಣಿಗೆಂದು ಇಟ್ಟದ್ದು.

"ಬದುಕಿರೋವಾಗ ಬೇಕಾದ್ರೆ ಭಿಕ್ಷೆ ತಿಂತೀನಿ. ಸತ್ತ ಮೇಲೆ ಕೌಂಟಿ ದುಡ್ಡಲ್ಲಿ ಮಣ್ಣಾಗಲ್ಲ. ಅವನನ್ನೂ ಹಾಕ್ಸಲ್ಲ."

ಟ್ಯಾಕೆಟ್ ಅದಕ್ಕೆ ನಗಲಿಲ್ಲ. ಅವಳೂ ಈ ಕೊಳ್ಳಗಳಲ್ಲೇ ಹುಟ್ಟಿದವಳು. ಮಣ್ಣಿನ ದುಡ್ಡು ಬ್ಯಾಂಕಿನಲ್ಲಿ ನಿಮ್ಮ ಹೆಸರಿನಲ್ಲಿ ಬಿದ್ದಿದ್ದರೆ ಅದೂ ಬರೀ ಉಳಿತಾಯ, ಲೆಕ್ಕಕ್ಕೆ ಬರುತ್ತದೆ ಎಂದಳು. ಅದನ್ನೇ ಒಯ್ದು ಶವಸಂಸ್ಕಾರ ಮಾಡುವವರ ಹತ್ತಿರ ಮುಂಗಡವಾಗಿ ಕಟ್ಟಿ ವಾಪಸು ಪಡೆಯಲಾಗದ ಕರಾರು ಮಾಡಿಕೊಂಡರೆ ಲೆಕ್ಕಕ್ಕೆ ಬರುವುದಿಲ್ಲ. ಗಂಡನಿಗೂ ಮಾಡಬಹುದು, ಹೆಂಡತಿಗೂ ಮಾಡಬಹುದು. ವಾಪಸು ಪಡೆಯಲಾಗದು ಎಂಬ ಮಾತು ಕರಾರಿನಲ್ಲಿ ಇರಲೇಬೇಕು. ಈಗಾಗಲೇ ನಿಲ್ಲಿಸಿದ ಕಲ್ಲು, ಸಮಾಧಿಯ ಜಾಗ, ಇವನ್ನೂ ಹಿಡಿಯುವುದಿಲ್ಲ.

"ಕಲ್ಲನ್ನ ಹಿಡಿಯಲ್ವಾ?" ಎಂದಳು ಅಕ್ಕ.

"ಹಿಡಿಯಲ್ಲ ಅಮ್ಮ. ಕಲ್ಲು ನಿಮ್ದೇ."

ಆಗ ಅವಳು ಅತ್ತಳು. ಲಕ್ವ ಹೊಡೆದಾಗ ಅತ್ತಿರಲಿಲ್ಲ, ನೆಲದ ಮೇಲೆ ಬಿದ್ದಾಗಲೂ ಇಲ್ಲ. ಟ್ಯಾಕೆಟ್ ತನ್ನ ನೆಗಡಿಯ ಕಾಗದದ ಡಬ್ಬವನ್ನೇ ಅವಳ ಕಡೆ ತಳ್ಳಿದಳು.

ಎಲ್ಲ ಸಕ್ಕರೆಯ ಹಾಗೆ ಕರಗಿಹೋಯಿತು ಎಂದು ನಾನು ಹೇಳುವುದಿಲ್ಲ. ನನಗೆ ಸುಳ್ಳು ಬರುವುದಿಲ್ಲ. ನಾವಿಬ್ಬರೂ ಹೋದ ಮೇಲೆ ಮನೆ ಏನಾಗುತ್ತದೆ ಎಂದು ಅಕ್ಕ ಕೇಳಿದಳು. ನೀವಿರುವ ತನಕ ಯಾರೂ ಬರುವುದಿಲ್ಲ, ಆಮೇಲೆ ರಾಜ್ಯ ತಾನು ಖರ್ಚು ಮಾಡಿದ್ದರಲ್ಲಿ ಒಂದಿಷ್ಟು ಕೇಳಬಹುದು, ಅದಕ್ಕೆ ಉಚಿತ ಕಾನೂನು ಸಹಾಯದ ವಕೀಲರನ್ನು ಈಗಲೇ ಕೇಳಿ ಎಂದು ವಿಳಾಸ ಕೊಟ್ಟಳು ಟ್ಯಾಕೆಟ್. ಅರ್ಜಿ ಹಾಕಿದ ಮೇಲೆ ಐದು ವರ್ಷದ ಬ್ಯಾಂಕಿನ ಲೆಕ್ಕ ಕೇಳಿದರು. ಚರ್ಚಿನ ಮಾಡಿನ ದುರಸ್ತಿಗೆ ಕೊಟ್ಟ ಒಂದು ಚೆಕ್ಕಿಗೆ ವಿವರಣೆ ಕೇಳಿದರು. ಫೋನ್ ಹಿಡಿದು ಕಾದರೆ ಒಂದೇ ಹಾಡು ತಿರುಗಿ ತಿರುಗಿ ಬರುತ್ತಿತ್ತು, ಅದು ಈಗಲೂ ನನ್ನ ತಲೆಯಲ್ಲಿದೆ. ಬೇಸತ್ತು ಬಿಟ್ಟುಬಿಡುತ್ತೇನೆ ಎಂದು ಅಕ್ಕ ಎಷ್ಟೋ ಸಲ ಹೇಳಿದಳು. ಬಿಡಲಿಲ್ಲ.

ಡಾರ್ಸಿಯನ್ನು ನಂಬಿಸುವುದು ಇದೆಲ್ಲದಕ್ಕಿಂತ ಕಷ್ಟವಾಯಿತು. ಅವನು ತಾನೇ ಕೇಂದ್ರಕ್ಕೆ ಹೋಗಿ ಟ್ಯಾಕೆಟ್ ಹತ್ತಿರ ಒಂದು ಗಂಟೆ ವಾದ ಮಾಡಿ ಬಂದ. ಬಂದವನು ಅತ್ತಿಗೆಯ ಅಡುಗೆಮನೆಯಲ್ಲಿ ಟೋಪಿ ತೆಗೆದು ಕೂತು, ಬೆಂಚಿನಲ್ಲಿ ಕೇಳಿದ್ದು ತಪ್ಪಾಗಿತ್ತು ಎಂದ. ಗುಡ್ಡ ನನಗೆ ಬೇಡ, ಬೇಲಿ ಮಾತ್ರ ಸರಿ ಮಾಡಿಕೊಡುತ್ತೇನೆ ಎಂದ. ಅಕ್ಕ ಅವನ ಮುಂದೆ ಒಣ ಸೇಬಿನ ಹೂರಣದ ಕರಿದ ಕಡುಬು ಇಟ್ಟಳು. ಅದು ಅವಳ ಕ್ಷಮೆ.

ಶವಸಂಸ್ಕಾರದವರ ಅಂಗಡಿಗೂ ನಾನೇ ಕರಕೊಂಡು ಹೋದೆ. ಅಂಗಡಿಯವನು ರೇಷ್ಮೆ ಒಳವಸ್ತ್ರದ, ಹಿತ್ತಾಳೆ ಹಿಡಿಯ ಪೆಟ್ಟಿಗೆ ತೋರಿಸಿದ. ನಮ್ಮ ಮುದುಕ ಅದರೊಳಗೆ ಮಲಗುವುದಷ್ಟೇ, ಮದುವಣಿಗನಾಗಿ ಹೊರಡುವುದಿಲ್ಲ ಎಂದು ಅಕ್ಕ ಓಕ್ ಮರದ ಸಾದಾ ಪೆಟ್ಟಿಗೆಗಳನ್ನು ಒಪ್ಪಿಕೊಂಡಳು. ಕರಾರನ್ನು ನನ್ನ ಕೈಲಿ ಎರಡು ಸಲ ಓದಿಸಿದಳು. ಆಮೇಲೆ ಮಿಕ್ಕ ಉಳಿತಾಯ ಅವಳ ಪಾಲಿನ ಒಳಗೇ ನಿಂತಿತು. ಹೋಬರ್ಟನ ಹೆಸರಿನಲ್ಲಿ ಎರಡು ಸಾವಿರದ ಒಳಗೆ ಉಳಿಯಿತು.

ಮೇ ತಿಂಗಳಲ್ಲಿ ಮೆಡಿಕೇಡಿನ ಒಪ್ಪಿಗೆಪತ್ರ ಬಂತು. ಅಕ್ಕ ಓದಿ, ಮಡಚಿ, ಸಕ್ಕರೆ ಡಬ್ಬದ ಕೆಳಗಿಟ್ಟು, ಹೋಗಿ ಮಲಗಿದಳು. ಮಧ್ಯಾಹ್ನ ಮಲಗಿದವಳು ಮಾರನೆಯ ಬೆಳಿಗ್ಗೆ ಎದ್ದಳು. ಅಷ್ಟು ನಿದ್ದೆ ಬಾಕಿಯಿತ್ತು ಅವಳಿಗೆ.

ಹೂ ಇಡುವ ಭಾನುವಾರದ ಹಿಂದಿನ ದಿನ ಬಕೆಟ್ಟು ಹಿಡಿದು ನಾನೂ ಅವಳ ಜೊತೆ ಏರು ಹತ್ತಿದೆ. ಮೊದಲಿನ ಹಾಗೆ ಹಾಡು ಹೇಳಲಿಲ್ಲ. ಮೂರು ಕಡೆ ನಿಂತು ಉಸಿರು ತೆಗೆದುಕೊಂಡಳು. ಆದರೆ ಕಲ್ಲನ್ನು ನನ್ನ ಕೈಗೆ ಕೊಡಲಿಲ್ಲ. ಮದುವೆಯ ತಾರೀಖಿನ ಅಂಕಿಗಳಲ್ಲಿ ಕೂತಿದ್ದ ಪಾಚಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದಾಗಿ ತೆಗೆದಳು. ಅಲ್ಲಿಂದ ನೇರ ಆರೈಕೆ ಕೇಂದ್ರಕ್ಕೆ ಹೋದೆವು. ಅವಳ ಉಗುರಿನಲ್ಲಿ ಇನ್ನೂ ಹಸಿರಿತ್ತು. ಹೋಬರ್ಟ್ ಆ ಉಗುರುಗಳನ್ನು ನೋಡಿದ.

"ಕಲ್ಲು?" ಎಂದ.

"ತಿಕ್ಕಿ ತೊಳ್ದೆ ಕಣೋ. ತಾರೀಖು ಹಂಗೇ ಇದೆ."

ಅವನು ಎಡಗೈ ಚಾಚಿ ಆ ಕೈಯನ್ನು ಹಿಡಕೊಂಡ. ನಾನು ಕಾರಿನ ಕೀಲಿ ಹುಡುಕುವ ನೆಪದಲ್ಲಿ ಹೊರಗೆ ಬಂದೆ.

ಈಗ ಅವಳು ಎಲ್ಲಿದ್ದಾಳೆ ಎಂದರೆ, ಅಲ್ಲೇ, ಬೆಳಿಗ್ಗೆ ನಾನೇ ಬಿಟ್ಟು ಬಂದೆ. ಈ ಹೊತ್ತಿಗೆ ಅವನಿಗೆ ಊಟ ತಿನ್ನಿಸುತ್ತಿರುತ್ತಾಳೆ. ಎತ್ತುವ ಕೆಲಸ ಎತ್ತುವವರು ಮಾಡುತ್ತಾರೆ, ಹೆಂಡತಿಯ ಕೆಲಸ ಅವಳು ಮಾಡುತ್ತಾಳೆ. ದಣಿವು ಹೋಗಿಲ್ಲ, ಹೋಗುವ ವಯಸ್ಸೂ ಅಲ್ಲ. ಸಂಜೆ ಹೋಗಿ ಮಲಗಲು ತನ್ನದೆಂಬ ಮನೆ ಇದೆ, ಅಷ್ಟು ಸಾಕು.

ಅಕ್ಕತಂಗಿಯರೇ, ನಿಮ್ಮ ಮುಂದಿನ ಕೋಣೆಯಲ್ಲಿಯೂ ಮಂಚ ಇದ್ದರೆ, ಅಥವಾ ಬರುವ ಹಾಗಿದ್ದರೆ, ಇವತ್ತೇ ಕೇಳಿ. ಬೆಂಚಿನವರನ್ನಲ್ಲ, ತಿಳಿದವರನ್ನು. ಹಿರಿಯರ ಕೇಂದ್ರಕ್ಕೆ ಹೋಗಿ, ಉಚಿತ ಕಾನೂನು ಸಹಾಯದವರಿಗೆ ಫೋನ್ ಮಾಡಿ. ನಿಮ್ಮ ರಾಜ್ಯದಲ್ಲಿ ಈ ವರ್ಷ ಮಿತಿ ಎಷ್ಟು, ಏನು ಲೆಕ್ಕಕ್ಕೆ ಬರುತ್ತದೆ, ಏನು ಬರುವುದಿಲ್ಲ ಎಂದು ಬಾಯಿಬಿಟ್ಟು ಕೇಳಿ. ಆಸ್ತಿಯನ್ನು ಯಾರಿಗೂ ಬರೆದುಕೊಡುವ ಮುಂಚೆ ಕೇಳಿ, ಉಳಿತಾಯ ಖಾಲಿ ಮಾಡುವ ಮುಂಚೆ ಕೇಳಿ, ಯಾವ ಕಾಗದಕ್ಕೇ ಆಗಲಿ ಸಹಿ ಹಾಕುವ ಮುಂಚೆ ಕೇಳಿ. ನಾಚಿಕೆ ಪಡಬೇಡಿ. ನಾಚಿಕೆಯ ಬೆಲೆ ಎಂಟು ಸಾವಿರ ಡಾಲರಿಗಿಂತ ಹೆಚ್ಚು ಎಂದು ನಾನು ಕಣ್ಣಾರೆ ಕಂಡಿದ್ದೇನೆ.

ಆ ಡೈವೋರ್ಸಿನ ಕಾಗದ ಏನಾಯಿತು ಎಂದು ನೀವು ಕೇಳಲಿಲ್ಲ. ಒಳ್ಳೆಯ ದಪ್ಪ ಕಾಗದ, ಡೆಲ್ಫಿ ಅಕ್ಕ ಅದನ್ನು ಹಾಳು ಮಾಡುತ್ತಾಳೆಯೇ. ಕೌದಿಯ ನಕ್ಷತ್ರಕ್ಕೆ ಅಳತೆಯ ತುಂಡುಗಳಾಗಿ ಕತ್ತರಿಸಿ ನನ್ನ ಕೈಯಲ್ಲಿ ಸಂಘಕ್ಕೆ ಕಳಿಸಿದ್ದಾಳೆ. ನೀವು ಬೆಳಿಗ್ಗೆಯಿಂದ ಬಟ್ಟೆ ಕತ್ತರಿಸಿದ್ದು ಅದನ್ನೇ ಇಟ್ಟುಕೊಂಡು. ಬೇಕಾದರೆ ಮಗುಚಿ ನೋಡಿ, ಸಹಿಯ ಜಾಗ ಖಾಲಿಯೇ ಇದೆ.